ಮರುಭೂಮಿಯ ಅಗ್ನಿಪರ್ವತವೂ ಅದರ ಮೂವರು ಮಕ್ಕಳೂ

ಅಗ್ನಿಪರ್ವತವೆಂಬ ಮಾತು ಕಿವಿಗೆ ಬಿದ್ದೊಡನೆಯೇ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರವು ಬೆಂಕಿಯದು. ಕೆಂಡವನ್ನು ಕಾರುವ ಬಾಯಿ, ಇಳಿಜಾರಿನಲ್ಲಿ ಹರಿಯುವ ಶಿಲಾರಸ, ಊರುಗಳನ್ನು ಮುಚ್ಚಿಬಿಡುವ ಬೂದಿ, ಇವೇ ಅದರ ಲಕ್ಷಣಗಳೆಂದು ನಾವೆಲ್ಲರೂ ಬಾಲ್ಯದಲ್ಲಿ ಓದಿದವರು. ಸುಡುವುದೂ ಹಾಳುಗೆಡಹುವುದೂ ಅದರ ಸ್ವಭಾವವೆಂದು ಬಲ್ಲೆವು. ಆದರೆ ತನ್ನ ಮಡಿಲಲ್ಲಿ ಇರಿಸಿದುದನ್ನು ಸುಡದೆ, ಕೆಡಿಸದೆ, ಐನೂರು ವರ್ಷಗಳ ಕಾಲ ಜೋಪಾನವಾಗಿ ಕಾಯ್ದುಕೊಂಡು ಬಂದ ಅಗ್ನಿಪರ್ವತವೊಂದು ಈ ಭೂಮಿಯ ಮೇಲೆ ಉಂಟು. ಅದರ ವೃತ್ತಾಂತವನ್ನು ಈ ಸಂಚಿಕೆಯಲ್ಲಿ ವಾಚಕರ ಮುಂದಿಡಲು ಬಯಸುತ್ತೇವೆ. ಮಕ್ಕಳೊಂದಿಗರಾದವರು ಇದನ್ನು ಓದುವಾಗ ಒಮ್ಮೆಯಾದರೂ ಮನಸ್ಸು ಕಲಕದೆ ಇರಲಾರದು. ಏಕೆಂದರೆ ಆ ಪರ್ವತವು ಕಾಯ್ದದ್ದು ಹೊನ್ನನ್ನಲ್ಲ, ಮೂವರು ಮಕ್ಕಳನ್ನು.

ಪರ್ವತವಿರುವ ಎಡೆ

ದಕ್ಷಿಣ ಅಮೆರಿಕದ ಪಶ್ಚಿಮದ ಅಂಚಿನುದ್ದಕ್ಕೂ ಆಂಡೀಸ್ ಪರ್ವತಶ್ರೇಣಿಯು ಹಬ್ಬಿದೆ. ಅದರ ನಡುಭಾಗದಲ್ಲಿ, ಚಿಲಿ ದೇಶವೂ ಅರ್ಜೆಂಟೀನಾ ದೇಶವೂ ಒಂದನ್ನೊಂದು ಮುಟ್ಟುವ ಗಡಿಯ ಮೇಲೆಯೇ ನಮ್ಮ ಪರ್ವತವು ನಿಂತಿದೆ. ಇದರ ಹೆಸರು ಯುಯಾಯ್ಯಾಕೊ. ಎತ್ತರವು ೬,೭೩೯ ಮೀಟರು, ಎಂದರೆ ಸುಮಾರು ೨೨,೧೧೦ ಅಡಿ. ಪಶ್ಚಿಮಕ್ಕೆ ಸುಮಾರು ೧೨೦ ಮೈಲಿಗಳಾಚೆ ಪೆಸಿಫಿಕ್ ಮಹಾಸಾಗರ. ಪೂರ್ವಕ್ಕೆ ಸುಮಾರು ೧೯೦ ಮೈಲಿಗಳಾಚೆ ಅರ್ಜೆಂಟೀನಾದ ಸಾಲ್ಟಾ ಪಟ್ಟಣ. ಈ ಎರಡರ ನಡುವೆ ಇರುವುದೆಲ್ಲ ಕಲ್ಲು, ಉಪ್ಪು, ಗಾಳಿ ಮತ್ತು ಬಿಸಿಲು. ಪ್ರಪಂಚದ ಅತ್ಯಂತ ಶುಷ್ಕವಾದ ಸೀಮೆಗಳಲ್ಲೊಂದೆಂದು ಹೆಸರಾದ ಅಟಕಾಮಾ ಮರುಭೂಮಿಯ ಎತ್ತರದ ಭಾಗವಿದು.

ಆ ಹೆಸರಿನ ಅರ್ಥವೂ ಸ್ವಾರಸ್ಯವಾದುದು. ಆಂಡೀಸ್ ಸೀಮೆಯ ಕೆಚುವಾ ಭಾಷೆಯಲ್ಲಿ ‘ಯುಯಾ’ ಎಂದರೆ ಸುಳ್ಳು. ‘ಯಾಕು’ ಎಂದರೆ ನೀರು. ಸುಳ್ಳು ನೀರಿನ ಬೆಟ್ಟವೆಂದೂ, ಹುಡುಕಿದರೂ ಸಿಗದ ನೀರಿನ ಬೆಟ್ಟವೆಂದೂ ಬಲ್ಲವರು ಅರ್ಥ ಹೇಳುವರು. ದೂರದಿಂದ ನೋಡಿದವರಿಗೆ ನೆತ್ತಿಯ ಮೇಲೆ ಬೆಳ್ಳಗೆ ಹಿಮವು ಕಾಣುವುದು. ಹಿಮವಿದ್ದ ಮೇಲೆ ಕೆಳಗೆ ತೊರೆಯಿರಲೇಬೇಕೆಂದು ದಾರಿಗನು ಆಶೆಪಡುವನು. ಹತ್ತಿರ ಬಂದರೆ ತೊರೆಯಿಲ್ಲ. ಆ ಹಿಮದಲ್ಲಿ ಬಹುಪಾಲು ಕರಗಿ ಹರಿಯುವುದೇ ಇಲ್ಲ. ಒಣಗಾಳಿಗೂ ಬಿಸಿಲಿಗೂ ಸಿಕ್ಕಿ ನೀರಾಗದೆಯೇ ನೇರವಾಗಿ ಆವಿಯಾಗಿ ಹೋಗುವುದು. ಅದನ್ನು ನೋಡಿಯೇ ಹಳಬರು ಬೆಟ್ಟಕ್ಕೆ ಈ ಹೆಸರಿಟ್ಟರೋ ಏನೋ!

ಬೆಟ್ಟವು ಬೆಳೆದ ಬಗೆ

ಈ ಬಗೆಯ ಪರ್ವತಗಳನ್ನು ಭೂವಿಜ್ಞಾನಿಗಳು ಪದರದ ಅಗ್ನಿಪರ್ವತಗಳೆಂಬ ವರ್ಗಕ್ಕೆ ಸೇರಿಸಿರುವರು. ಒಂದು ಸಲದ ಕೆರಳಿಕೆಯಲ್ಲಿ ಬೂದಿಯೂ ಕಲ್ಲಿನ ಚೂರುಗಳೂ ಸುರಿಯುತ್ತವೆ. ಇನ್ನೊಂದು ಸಲ ಶಿಲಾರಸವು ಹರಿದು ಅದರ ಮೇಲೆ ಹೆಪ್ಪುಗಟ್ಟುತ್ತದೆ. ಮತ್ತೆ ಬೂದಿ, ಮತ್ತೆ ಶಿಲಾರಸ. ಹೀಗೆ ಪದರದ ಮೇಲೆ ಪದರವು ಏರಿ, ಲಕ್ಷಾಂತರ ವರ್ಷಗಳಲ್ಲಿ ಗೋಪುರದಂತಹ ಬೆಟ್ಟವು ಬೆಳೆಯುತ್ತದೆ. ಯುಯಾಯ್ಯಾಕೊದ ಶಿಲಾರಸವು ನೀರಿನಂತೆ ತೆಳುವಾದುದಲ್ಲ, ಕಾಕಂಬಿಯಂತೆ ಮಂದವಾದುದು. ಆದಕಾರಣ ಅದು ಬಹುದೂರ ಹರಿಯದೆ ಬಾಯಿಯ ಬಳಿಯಲ್ಲಿಯೇ ದಪ್ಪನಾದ ನಾಲಗೆಗಳಂತೆ ಹೆಪ್ಪುಗಟ್ಟಿ ನಿಂತಿದೆ. ಆ ಕರಿಯ ನಾಲಗೆಗಳು ಇಂದಿಗೂ ಬೆಟ್ಟದ ಪಕ್ಕೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಶಿಲಾರಸವು ಬರುವುದೆಲ್ಲಿಂದ? ಪೆಸಿಫಿಕ್ ಸಾಗರದ ತಳವಾದ ಕಲ್ಲಿನ ಹಲಗೆಯು ಪ್ರತಿ ವರ್ಷವೂ ಕೆಲವು ಅಂಗುಲಗಳಷ್ಟು ಮೆಲ್ಲನೆ ಸರಿದು ದಕ್ಷಿಣ ಅಮೆರಿಕದ ಅಡಿಗೆ ನುಗ್ಗುತ್ತಿದೆ. ಹಾಗೆ ಇಳಿಯುವಾಗ ಅದು ತನ್ನ ಸಂದುಗೊಂದುಗಳಲ್ಲಿ ಸಮುದ್ರದ ನೀರನ್ನೂ ಒಯ್ಯುತ್ತದೆ. ಬಹು ಆಳಕ್ಕೆ ಹೋದಮೇಲೆ ಆ ನೀರು ಹೊರಬಿದ್ದು ಮೇಲಣ ಬಿಸಿಕಲ್ಲಿನೊಳಗೆ ಸೇರುತ್ತದೆ. ನೀರು ಸೇರಿದ ಕಲ್ಲು, ಸೇರದ ಕಲ್ಲಿಗಿಂತ ಕಡಿಮೆ ಕಾವಿನಲ್ಲಿಯೇ ಕರಗುವುದು. ಹಾಗೆ ಕರಗಿದುದು ಹಗುರವಾಗಿ ಮೇಲೇರಿ ಅಗ್ನಿಪರ್ವತವಾಗುತ್ತದೆ. ನೆತ್ತಿಯ ಮೇಲೆ ಹನಿ ನೀರಿಲ್ಲದ ಈ ಬೆಟ್ಟದ ಹುಟ್ಟಿಗೆ ಸಮುದ್ರದ ನೀರೇ ಕಾರಣವಾಯಿತೆಂಬುದು ಸೋಜಿಗದ ಸಂಗತಿಯಲ್ಲವೇ?

ಸುಮಾರು ಒಂದೂವರೆ ಲಕ್ಷ ವರ್ಷಗಳ ಹಿಂದೆ ಈ ಪರ್ವತದ ಒಂದು ಭಾಗವು ಕುಸಿದು ಪೂರ್ವದ ಕಣಿವೆಗೆ ಉರುಳಿತು. ಆ ಗಾಯವನ್ನು ಅದು ಹೊಸ ಶಿಲಾರಸದಿಂದ ಮೆಲ್ಲಮೆಲ್ಲನೆ ಮುಚ್ಚಿಕೊಂಡಿತು. ಇಂತಹ ಕುಸಿತವು ಇದೊಂದಕ್ಕೇ ವಿಶೇಷವಲ್ಲ. ಉತ್ತರದಲ್ಲಿರುವ ಸೊಕೊಂಪಾ ಎಂಬ ನೆರೆಯ ಅಗ್ನಿಪರ್ವತವು ಸುಮಾರು ೭,೦೦೦ ವರ್ಷಗಳ ಹಿಂದೆ ಕುಸಿದಾಗ ಅದರ ಕಲ್ಲುಮಣ್ಣುಗಳು ಸುಮಾರು ೨೦೦ ಚದರ ಮೈಲಿಗಳಷ್ಟು ನೆಲವನ್ನು ಮುಚ್ಚಿದುವು. ಮಳೆಯಿಲ್ಲದ ಕಾರಣ ಆ ರಾಶಿಯು ಕೊಚ್ಚಿಹೋಗದೆ, ನಿನ್ನೆ ಮೊನ್ನೆ ಬಿದ್ದಂತೆ ಇನ್ನೂ ಹಾಗೆಯೇ ಇದೆ. ಯುಯಾಯ್ಯಾಕೊ ಪರ್ವತವು ೧೮೫೪, ೧೮೬೮ ಮತ್ತು ೧೮೭೭ರಲ್ಲಿ ಕೆರಳಿತೆಂದು ವರದಿಗಳುಂಟು. ಆ ಬಳಿಕ ಅದು ಶಾಂತವಾಗಿದೆ.

ಮೋಡವಿಲ್ಲದ ಆಕಾಶ

ಇಷ್ಟು ಎತ್ತರದ ಬೆಟ್ಟದ ಮೇಲೆ ಹಿಮನದಿಯು ಇರಬೇಕಾದುದು ನ್ಯಾಯ. ಇಲ್ಲಿ ಅದಿಲ್ಲ. ಶೀತಕ್ಕೇನೂ ಕೊರತೆಯಿಲ್ಲ, ಕೊರತೆಯಿರುವುದು ಮಳೆ ಮಂಜುಗಳಿಗೆ. ಇದಕ್ಕೆ ಕಾರಣಗಳು ಎರಡು ದಿಕ್ಕಿನಿಂದಲೂ ಕೂಡಿಬಂದಿವೆ. ಪಶ್ಚಿಮದ ಕರಾವಳಿಯುದ್ದಕ್ಕೂ ಹಂಬೋಲ್ಟ್ ಎಂಬ ತಣ್ಣನೆಯ ಸಾಗರಪ್ರವಾಹವು ಹರಿಯುತ್ತದೆ. ತಣ್ಣನೆಯ ನೀರಿನ ಮೇಲಣ ಗಾಳಿಯು ಮೇಲೇರಿ ಮಳೆಯ ಮೋಡವಾಗಲಾರದು. ತೀರದ ಮೇಲೆ ಮಂಜಾಗಿ ಕವಿದು ಅಲ್ಲಿಯೇ ನಿಂತುಬಿಡುವುದು. ಪೂರ್ವದಲ್ಲಿ ಅಮೆಝಾನ್ ಅರಣ್ಯದ ಕಡೆಯಿಂದ ಬರುವ ಹಸಿಗಾಳಿಯನ್ನು ಆಂಡೀಸ್ ಗೋಡೆಯು ತಡೆದು, ಅದರ ನೀರನ್ನೆಲ್ಲ ಆಚೆಯ ಇಳಿಜಾರಿನಲ್ಲಿಯೇ ಸುರಿಸಿಕೊಳ್ಳುವುದು. ಗೋಡೆಯನ್ನು ದಾಟಿ ಬರುವ ಗಾಳಿಯು ಬರಿಗೈಯಲ್ಲಿ ಬರುವುದು.

ಆದರೂ ವರ್ಷದಲ್ಲಿ ಕೆಲವು ದಿನ ಹಿಮವು ಬೀಳುವುದುಂಟು. ಹಾಗೆ ಬಿದ್ದ ಹಿಮವನ್ನು ಬಿಸಿಲೂ ಒಣಗಾಳಿಯೂ ಸೇರಿ ವಿಚಿತ್ರವಾದ ಆಕಾರಗಳಿಗೆ ಕೆತ್ತುತ್ತವೆ. ಆಳೆತ್ತರದ ಚೂಪಾದ ಹಿಮದ ಅಲಗುಗಳು ಸಾಲುಸಾಲಾಗಿ ಸೂರ್ಯನ ಕಡೆಗೆ ಬಾಗಿ ನಿಲ್ಲುತ್ತವೆ. ಬಿಳಿಯ ವಸ್ತ್ರವನ್ನು ಹೊದ್ದು ತಪ್ಪೊಪ್ಪಿಕೊಳ್ಳಲು ಹೊರಟ ಭಕ್ತರ ಮೆರವಣಿಗೆಯಂತೆ ಇವು ಕಾಣುವುದರಿಂದ ಸ್ಪೇನಿನ ಭಾಷೆಯವರು ಇವನ್ನು ‘ಪೆನಿಟೆಂಟೆ’ಗಳೆಂದು ಕರೆದರು. ಈ ಅಲಗುಗಳಲ್ಲಿ ಅಲ್ಲಲ್ಲಿ ನಸುಗೆಂಪು ಬಣ್ಣವಿರುವುದನ್ನು ಕಂಡ ವಿಜ್ಞಾನಿಗಳು ಪರೀಕ್ಷಿಸಿ, ಅದು ಹಿಮದಲ್ಲಿ ಬದುಕುವ ಸೂಕ್ಷ್ಮವಾದ ಪಾಚಿಯೆಂದು ೨೦೧೯ರಲ್ಲಿ ಪ್ರಕಟಿಸಿದರು. ಒಂದು ಹನಿ ನೀರು ದೊರೆತರೂ ಸಾಕು, ಜೀವವು ಅಲ್ಲಿ ಬಿಡಾರ ಹೂಡುವುದು.

ಸುತ್ತಣ ಸೀಮೆ

ಬೆಟ್ಟದ ಬುಡದ ನೆಲವೇ ಹನ್ನೆರಡು ಹದಿಮೂರು ಸಾವಿರ ಅಡಿಗಳ ಎತ್ತರದಲ್ಲಿದೆ. ಸುತ್ತಲೂ ಉಪ್ಪಿನ ಬಯಲುಗಳು. ಹಿಂದೆ ಅಲ್ಲಿ ಕೆರೆಗಳಿದ್ದುವು. ನೀರು ಆರಿ ಉಪ್ಪು ಉಳಿಯಿತು. ಪೂರ್ವದಲ್ಲಿರುವ ಅರಿಸಾರೊ ಎಂಬ ಉಪ್ಪಿನ ಬಯಲು ಅರ್ಜೆಂಟೀನಾ ದೇಶದ ಬಹು ದೊಡ್ಡ ಬಯಲುಗಳಲ್ಲೊಂದು. ನೀರು ಸ್ವಲ್ಪ ಉಳಿದಿರುವ ಕಡೆಗಳಲ್ಲಿ ರಾಜಹಂಸಗಳು ಇಳಿದು ಕೆಸರಿನಲ್ಲಿ ಆಹಾರವನ್ನು ಸೋಸಿ ತಿನ್ನುತ್ತವೆ. ಒಣಹುಲ್ಲು ಕುರುಚಲು ಗಿಡಗಳಿರುವೆಡೆ ವಿಕುನ್ಯಾ ಎಂಬ ಮೃಗವು ಹಿಂಡುಹಿಂಡಾಗಿ ಮೇಯುತ್ತದೆ. ಇದು ಒಂಟೆಯ ಬಂಧು. ಜಿಂಕೆಯಂತೆ ತೆಳುವಾದ ಮೈ, ರೇಷ್ಮೆಯಂತಹ ಉಣ್ಣೆ. ಯಾರೆಟಾ ಎಂಬ ಸಸ್ಯವೊಂದು ಬಂಡೆಗೆ ಹಾಸಿದ ಹಸಿರು ದಿಂಬಿನಂತೆ ನೆಲಕ್ಕಂಟಿ ಬೆಳೆಯುವುದು. ಒಂದು ವರ್ಷಕ್ಕೆ ಅದರ ಬೆಳೆವಣಿಗೆ ಅರ್ಧ ಅಂಗುಲದಷ್ಟಿರಬಹುದು. ಮನುಷ್ಯನ ಗಾತ್ರದ ದಿಂಬೆಂದರೆ ಹಲವು ತಲೆಮಾರುಗಳನ್ನು ಕಂಡುದೆಂದೇ ತಿಳಿಯಬೇಕು.

ಆಂಡೀಸ್ ಸೀಮೆಯೊಡನೆ ನಮ್ಮ ಮನೆಗಳಿಗೂ ಒಂದು ನಂಟುಂಟು. ನಾವು ದಿನವೂ ಹುಳಿಗೆ ಪಲ್ಯಕ್ಕೆ ಹಾಕುವ ಆಲೂಗಡ್ಡೆಯ ತವರು ಈ ಪರ್ವತಗಳೇ. ಆಂಡೀಸಿನ ಗೃಹಿಣಿಯರು ಆಲೂಗಡ್ಡೆಯನ್ನು ಕೆಡದಂತೆ ಇಡಲು ಕಂಡುಕೊಂಡ ಉಪಾಯವು ಅಪೂರ್ವವಾದುದು. ಗೆಡ್ಡೆಗಳನ್ನು ರಾತ್ರಿಯ ಕೊರೆತಕ್ಕೆ ಬಯಲಿನಲ್ಲಿ ಹರವಿ ಹೆಪ್ಪುಗಟ್ಟಿಸುವರು, ಹಗಲು ಕಾಲಿನಿಂದ ತುಳಿದು ನೀರನ್ನು ಹಿಂಡುವರು, ಬಿಸಿಲಿಗೆ ಒಣಗಿಸುವರು. ಹೀಗೆ ಕೆಲವು ದಿನ ಮಾಡಿದರೆ ಗೆಡ್ಡೆಯು ಕಲ್ಲಿನಂತಾಗಿ ವರ್ಷಗಟ್ಟಲೆ ಬಾಳುವುದು. ಇದನ್ನು ‘ಚುನ್ಯೊ’ ಎನ್ನುವರು. ನಮ್ಮಲ್ಲಿ ಬೇಸಗೆಯ ಬಿಸಿಲನ್ನು ನಂಬಿ ಹಪ್ಪಳ ಸಂಡಿಗೆ ಮಾಡಿದಂತೆ, ಅಲ್ಲಿಯವರು ಕೊರೆತ ಬಿಸಿಲುಗಳೆರಡನ್ನೂ ನಂಬಿದರು. ಆ ಸೀಮೆಯ ಶೀತವೂ ಶುಷ್ಕತೆಯೂ ಕೊಲ್ಲುವುವು, ನಿಜ. ಆದರೆ ಕಾಪಾಡುವುವೂ ಅವೇ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಂತಹ ನೆಲದಲ್ಲಿಯೂ ಈ ಕಾಲದ ಮನುಷ್ಯನು ತನ್ನ ಸಾಹಸವನ್ನು ಬಿಟ್ಟಿಲ್ಲ. ಸಾಲ್ಟಾ ಪಟ್ಟಣದಿಂದ ಚಿಲಿಯ ಅಂಟೊಫಗಾಸ್ಟಾ ರೇವಿನವರೆಗೆ ಹಾಕಿದ ರೈಲುದಾರಿಯು ೧೯೪೮ರಲ್ಲಿ ಪೂರ್ತಿಯಾಯಿತು. ರಿಚರ್ಡ್ ಮೌರಿ ಎಂಬ ಅಮೆರಿಕದ ಎಂಜಿನಿಯರು ಇದರ ದಾರಿಯನ್ನು ರೂಪಿಸಿದನು. ಹಲ್ಲುಕಂಬಿಗಳ ಸಹಾಯವಿಲ್ಲದೆಯೇ, ಸುತ್ತಿಸುತ್ತಿ, ಹಿಂದುಮುಂದಾಗಿ ಏರಿ, ಈ ದಾರಿಯು ೧೩,೮೦೦ ಅಡಿಗಳಿಗೂ ಮೇಲೆ ಲಾ ಪೊಲ್ವೊರೀಯಾ ಎಂಬ ಉಕ್ಕಿನ ಮೇಲ್ಸೇತುವೆಯನ್ನು ದಾಟುವುದು. ಬಳಿಕ ಸೊಕೊಂಪಾ ಕಣಿವೆಯಲ್ಲಿ ಗಡಿಯನ್ನು ದಾಟುವುದು. ಯುಯಾಯ್ಯಾಕೊದ ಸಮೀಪದಲ್ಲಿಯೇ ಲಾ ಕಸುಅಲಿದಾದ್ ಎಂಬ ಗಂಧಕದ ಗಣಿಯ ಊರೊಂದಿತ್ತು. ಸುಮಾರು ೧೭,೦೦೦ ಅಡಿಗಳ ಎತ್ತರದಲ್ಲಿ ಅಗೆದ ಗಂಧಕವನ್ನು ತೂಗುತಂತಿಯ ತೊಟ್ಟಿಲುಗಳಲ್ಲಿ ಇಳಿಸುತ್ತಿದ್ದರು. ೧೯೭೯ರಲ್ಲಿ ಗಣಿಯನ್ನು ಮುಚ್ಚಿದರು, ಜನರು ಹೊರಟುಹೋದರು. ಮನೆಗಳೂ ಇಗರ್ಜಿಯೂ ಪಾಳುಬಿದ್ದು ಗಾಳಿಗೆ ಮನೆಯಾದುವು. ೧೯೭೦ರ ದಶಕದ ಕೊನೆಗೆ ಎರಡು ದೇಶಗಳ ನಡುವೆ ಗಡಿಯ ವಿವಾದವು ಬಿಸಿಯೇರಿದಾಗ ಚಿಲಿಯವರು ತಮ್ಮ ಗಡಿಯ ದಾರಿಗಳಲ್ಲಿ ಸಿಡಿಗುಂಡುಗಳನ್ನು ಹುಗಿದರು. ಅವೆಲ್ಲವನ್ನೂ ತೆಗೆದು ಮುಗಿಸಿದುದು ೨೦೨೦ರಲ್ಲಿ.

ನೆತ್ತಿಯ ನಿವಾಸಿ

ಸುಮಾರು ೧೬,೦೦೦ ಅಡಿಗಳಿಂದಾಚೆಗೆ ಗಿಡವೂ ಇಲ್ಲ, ಹುಲ್ಲೂ ಇಲ್ಲ. ನೆತ್ತಿಯ ಮೇಲೆ ಉಸಿರಾಡಲು ದೊರೆಯುವ ಪ್ರಾಣವಾಯುವು ಸಮುದ್ರತೀರದಲ್ಲಿ ದೊರೆಯುವುದರ ಅರ್ಧಕ್ಕಿಂತಲೂ ಕಡಿಮೆ. ಇಲ್ಲಿ ಬಿಸಿರಕ್ತದ ಪ್ರಾಣಿಯು ಬದುಕಿರಲಾರದೆಂದು ಎಲ್ಲರೂ ನಂಬಿದ್ದರು. ೨೦೧೩ರಲ್ಲಿ ಬೆಟ್ಟವನ್ನೇರುತ್ತಿದ್ದವರು ೨೦,೦೦೦ ಅಡಿಗಳಿಗೂ ಮೇಲೆ ಒಂದು ಇಲಿಯು ಓಡಾಡುವುದನ್ನು ಕಂಡರು. ಅಮೆರಿಕದ ಜೀವವಿಜ್ಞಾನಿಯಾದ ಜೇ ಸ್ಟೋರ್ಝ್ ಎಂಬುವರು ೨೦೨೦ರಲ್ಲಿ ತಂಡದೊಡನೆ ಹೋಗಿ, ೨೨,೧೧೦ ಅಡಿಗಳ ನೆತ್ತಿಯ ಮೇಲೆಯೇ ಎಲೆಗಿವಿಯ ಇಲಿಯೊಂದನ್ನು ಜೀವಂತವಾಗಿ ಹಿಡಿದರು. ಅಷ್ಟು ಎತ್ತರದಲ್ಲಿ ಹಾಲೂಡುವ ಪ್ರಾಣಿಯೊಂದು ಅದುವರೆಗೆ ಎಲ್ಲಿಯೂ ದೊರೆತಿರಲಿಲ್ಲ.

ಇದಕ್ಕೂ ಮೊದಲು ಈ ಸೀಮೆಯ ಶಿಖರಗಳಲ್ಲಿ ಒಣಗಿದ ಇಲಿಗಳ ದೇಹಗಳು ಸಿಕ್ಕಾಗ, ಹಿಂದಿನ ಕಾಲದಲ್ಲಿ ಮೇಲೇರಿದ ಜನರ ಹೊರೆಗಳಲ್ಲಿ ಸೇರಿ ಅವು ಬಂದಿರಬೇಕೆಂದು ಊಹಿಸಿದ್ದರು. ಬೇರೆ ಮೂರು ಶಿಖರಗಳಿಂದ ತಂದ ಹದಿಮೂರು ದೇಹಗಳ ಕಾಲವನ್ನು ಪರೀಕ್ಷಿಸಿ ೨೦೨೩ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಅತ್ಯಂತ ಹಳೆಯವು ಕೂಡ ಸುಮಾರು ೩೫೦ ವರ್ಷಗಳಿಗಿಂತ ಹಿಂದಿನವಲ್ಲವೆಂದು ತಿಳಿದುಬಂದಿತು. ಇಲಿಗಳು ಯಾರ ಹೊರೆಯಲ್ಲಿಯೂ ಬಂದವಲ್ಲ. ತಮ್ಮ ಕಾಲಿನಿಂದಲೇ ಏರಿದವು. ಆದರೆ ಅವಕ್ಕಿಂತ ಮೊದಲು ಆ ನೆತ್ತಿಗೆ ಮನುಷ್ಯರು ಏರಿದ್ದುದೂ, ಏರಿದವರು ಕೆಲವರನ್ನು ಅಲ್ಲಿಯೇ ಬಿಟ್ಟು ಇಳಿದುದೂ ನಿಜ. ಅವರ ಕಥೆಯನ್ನೇ ನಾವು ಇನ್ನು ಹೇಳಬೇಕಾಗಿದೆ.

ಶಿಖರದ ಮೇಲಿನ ಮಕ್ಕಳು

೧೯೫೨ನೆಯ ಇಸವಿಯ ಡಿಸೆಂಬರ್ ೧ರಂದು ಚಿಲಿ ದೇಶದ ಇಬ್ಬರು ಪರ್ವತಾರೋಹಿಗಳು, ಬಿಯೊನ್ ಗೊನ್ಸಾಲೆಸ್ ಮತ್ತು ಹುವಾನ್ ಹಾರ್ಸೈಮ್ ಎಂಬುವರು, ಯುಯಾಯ್ಯಾಕೊದ ನೆತ್ತಿಯನ್ನು ಮುಟ್ಟಿದರು. ತಾವೇ ಮೊದಲಿಗರೆಂಬ ಹೆಮ್ಮೆ ಅವರಲ್ಲಿ ಇದ್ದಿದ್ದರೆ ಅದು ಬಹಳ ಹೊತ್ತು ನಿಲ್ಲುವಂತಿರಲಿಲ್ಲ. ಅಲ್ಲಿ ಕಲ್ಲಿನಿಂದ ಕಟ್ಟಿದ ಗೋಡೆಗಳಿದ್ದುವು. ಯೂರೋಪಿನ ಜನರು ತಮ್ಮ ಮಾಂಟ್ ಬ್ಲಾಂಕ್ ಶಿಖರವನ್ನು ಮೊದಲು ಏರಿದುದು ೧೭೮೬ರಲ್ಲಿ. ಅದರ ಎತ್ತರವೋ ೧೬,೦೦೦ ಅಡಿಗಳ ಆಸುಪಾಸು. ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲೇ ಇಂಕ ಸಾಮ್ರಾಜ್ಯದ ಜನರು ೨೨,೦೦೦ ಅಡಿಗಳನ್ನು ಏರಿ, ಕಲ್ಲು ಕಂಬಳಿ ಹುಲ್ಲು ಸೌದೆಗಳನ್ನು ಹೊತ್ತು, ಅಲ್ಲಿ ಮನೆ ಕಟ್ಟಿದ್ದರು.

ಇಂಕರ ರಾಜಧಾನಿಯು ಈಗಿನ ಪೆರು ದೇಶದ ಕುಸ್ಕೊ. ಅಲ್ಲಿಂದ ಯುಯಾಯ್ಯಾಕೊಗೆ ನೇರವಾಗಿ ಅಳೆದರೂ ಸುಮಾರು ೮೦೦ ಮೈಲಿ. ಎತ್ತರದ ಪರ್ವತಗಳನ್ನು ಅವರು ದೇವತೆಗಳೆಂದು ಪೂಜಿಸುತ್ತಿದ್ದರು. ನೀರನ್ನೂ ಬೆಳೆಯನ್ನೂ ದಯಪಾಲಿಸುವವು ಅವೇ ಎಂದು ನಂಬಿದ್ದರು. ದೊರೆಯ ಮರಣ, ಕ್ಷಾಮ, ಪಿಡುಗು ಮುಂತಾದ ಕಾಲಗಳಲ್ಲಿ ‘ಕಪಕೋಚಾ’ ಎಂಬ ಮಹಾಪೂಜೆಯನ್ನು ನಡೆಸಿ, ರಾಜ್ಯದ ನಾನಾ ಕಡೆಗಳಿಂದ ಆರಿಸಿ ತಂದ ಊನವಿಲ್ಲದ ಮಕ್ಕಳನ್ನು ದೇವತೆಗೆ ಒಪ್ಪಿಸುತ್ತಿದ್ದರು. ೧೬೫೩ರಲ್ಲಿ ತನ್ನ ಗ್ರಂಥವನ್ನು ಮುಗಿಸಿದ ಬೆರ್ನಾಬೆ ಕೋಬೊ ಎಂಬ ಸ್ಪೇನಿನ ಪಾದ್ರಿಯು, ಮಗುವನ್ನು ಕೊಟ್ಟ ತಂದೆತಾಯಿಗಳು ದುಃಖವನ್ನು ತೋರಿಸುವುದು ಅಪರಾಧವೆನಿಸಿತ್ತೆಂದು ಬರೆದಿರುವನು. ತೋರಿಸಕೂಡದೆಂದು ಕಟ್ಟಳೆ ಮಾಡಬೇಕಾಯಿತೆಂದರೆ ದುಃಖವು ಇದ್ದೇ ಇತ್ತೆಂಬುದಕ್ಕೆ ಬೇರೆ ಸಾಕ್ಷಿಯು ಬೇಕೇ?

೧೯೯೯ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಯೊಹಾನ್ ರೈನ್‌ಹಾರ್ಡ್ ಎಂಬುವರೂ ಅರ್ಜೆಂಟೀನಾದ ಕಾನ್ಸ್‌ಟಾನ್ಸಾ ಸೆರೂಟಿ ಎಂಬ ವಿದುಷಿಯೂ ಸಂಗಡಿಗರೊಡನೆ ನೆತ್ತಿಯಲ್ಲಿ ಬಿಡಾರ ಹೂಡಿ, ಹಿಮಗಾಳಿಗಳನ್ನು ಸಹಿಸಿ, ಶಿಖರಕ್ಕಿಂತ ಸುಮಾರು ೮೦ ಅಡಿ ಕೆಳಗಿರುವ ಕಲ್ಲಿನ ಜಗಲಿಯನ್ನು ಅಗೆದರು. ಅದರಡಿಯಲ್ಲಿ ಮೂವರು ಮಕ್ಕಳಿದ್ದರು. ಒಬ್ಬಳು ಸುಮಾರು ಹದಿಮೂರು ವರ್ಷದ ಹುಡುಗಿ. ಇನ್ನಿಬ್ಬರು ನಾಲ್ಕೈದು ವರ್ಷದ ಒಬ್ಬ ಹುಡುಗ, ಒಬ್ಬಳು ಹುಡುಗಿ. ಇವರ ದೇಹಗಳಿಗೆ ಯಾರೂ ಲೇಪನಗಳನ್ನು ಹಚ್ಚಿರಲಿಲ್ಲ. ಬೆಟ್ಟದ ಶೀತವೇ ಅವರನ್ನು ಹೆಪ್ಪುಗಟ್ಟಿಸಿ ಕಾಯ್ದಿತ್ತು. ಹಿರಿಯಳು ಕಾಲುಗಳನ್ನು ಮಡಿಚಿಕೊಂಡು, ತಲೆಯನ್ನು ಮುಂದಕ್ಕೆ ಬಾಗಿಸಿ, ಕೈಗಳನ್ನು ಮಡಿಲಲ್ಲಿರಿಸಿ ಕುಳಿತಿದ್ದಳು. ಸಣ್ಣಸಣ್ಣ ಜಡೆಗಳಾಗಿ ಹೆಣೆದ ತಲೆಗೂದಲು ಹೆಣೆದಂತೆಯೇ ಇತ್ತು. ತುಟಿಗಳ ನಡುವೆ ಅಗಿದ ಕೋಕಾ ಎಲೆಯ ಚೂರುಗಳಿದ್ದುವು. ಕಂಡವರೆಲ್ಲರೂ ನಿದ್ದೆಹೋದ ಹುಡುಗಿಯಂತೆ ಇದ್ದಾಳೆಂದರು.

ಹುಡುಗನು ಕೆಂಪು ಅಂಗಿಯನ್ನು ತೊಟ್ಟು ಮೊಣಕಾಲುಗಳ ಮೇಲೆ ತಲೆಯನ್ನಿಟ್ಟುಕೊಂಡಿದ್ದನು. ಅವನನ್ನು ಬಟ್ಟೆ ಹಗ್ಗಗಳಿಂದ ಬಿಗಿಯಾಗಿ ಸುತ್ತಿದ್ದರು. ಅವನ ಬಳಿಯಲ್ಲಿ ಲಾಮಾ ಎಂಬ ಹೊರೆಹೊರುವ ಮೃಗಗಳ ಪುಟ್ಟ ಗೊಂಬೆಗಳು ಸಾಲಾಗಿದ್ದುವು. ಕಿರಿಯ ಹುಡುಗಿಗೆ ಅವಳು ಹೋದ ಬಳಿಕ ಎಂದೋ ಸಿಡಿಲು ಬಡಿದು ಮೈಯ ಒಂದು ಭಾಗವು ಸುಟ್ಟಿತ್ತು. ಅವರ ಸುತ್ತಲೂ ಚಿನ್ನ, ಬೆಳ್ಳಿ ಮತ್ತು ಕಡಲ ಚಿಪ್ಪುಗಳ ಗೊಂಬೆಗಳು, ಆ ಗೊಂಬೆಗಳಿಗೆ ತೊಡಿಸಿದ ಚಿಕ್ಕಚಿಕ್ಕ ಉಡುಪುಗಳು, ಮಡಕೆ ಬೋಗುಣಿಗಳು, ಪಾದರಕ್ಷೆಗಳು ಮತ್ತು ಬುತ್ತಿಯ ಆಹಾರ. ದೂರದ ಪ್ರಯಾಣಕ್ಕೆ ಮಕ್ಕಳನ್ನು ಕಳುಹಿಸುವ ಮನೆಯವರು ಏನೇನು ಕಟ್ಟಿಕೊಡುವರೋ ಅದೆಲ್ಲವೂ ಇತ್ತು.

ಕೂದಲು ಹೇಳಿದ ಕಥೆ

ತಲೆಗೂದಲು ತಿಂಗಳಿಗೆ ಸುಮಾರು ಅರ್ಧ ಅಂಗುಲ ಬೆಳೆಯುವುದು. ಆಯಾ ತಿಂಗಳಲ್ಲಿ ಮನುಷ್ಯನು ತಿಂದುದರ ಗುರುತು ಕೂದಲಿನ ಆಯಾ ಭಾಗದಲ್ಲಿ ಉಳಿಯುವುದು. ಆದುದರಿಂದ ಉದ್ದವಾದ ಜಡೆಯೆಂದರೆ ಒಂದು ದಿನಚರಿಯ ಪುಸ್ತಕವಿದ್ದಂತೆ. ಇಂಗ್ಲೆಂಡಿನ ಆಂಡ್ರೂ ವಿಲ್ಸನ್ ಮುಂತಾದ ವಿದ್ವಾಂಸರು ಈ ಮಕ್ಕಳ ಕೂದಲನ್ನು ಪರೀಕ್ಷಿಸಿ ೨೦೦೭ರಲ್ಲಿಯೂ ೨೦೧೩ರಲ್ಲಿಯೂ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು.

ಹಿರಿಯ ಹುಡುಗಿಯು ಮೊದಲಿಗೆ ಆಲೂಗಡ್ಡೆಯಂತಹ ರೈತಾಪಿಯ ಊಟವನ್ನು ಉಂಡು ಬೆಳೆದವಳು. ಸಾಯುವುದಕ್ಕೆ ಒಂದು ವರ್ಷ ಮೊದಲು ಅವಳ ಊಟವು ಇದ್ದಕ್ಕಿದ್ದಂತೆ ಬದಲಾಯಿತು. ಮೆಕ್ಕೆಜೋಳ, ಮಾಂಸ ಮೊದಲಾದ ಉತ್ತಮರ ಆಹಾರವು ದೊರೆಯತೊಡಗಿತು. ಅವಳು ಆಯ್ಕೆಯಾದ ಕಾಲವು ಇದೇ ಇರಬೇಕು. ಅಂದಿನಿಂದಲೇ ಕೋಕಾ ಎಲೆಯನ್ನು ಕೊಡುವುದೂ ಹೆಚ್ಚಿತು. ಕೊನೆಯ ಕೆಲವು ವಾರಗಳಲ್ಲಿ ಮೆಕ್ಕೆಜೋಳದ ಹೆಂಡವನ್ನು ಬಹಳವಾಗಿ ಕುಡಿಸಿದ್ದರು. ಅದು ಪೂಜೆಯ ವಿಧಿಯೂ ಆಗಿರಬಹುದು; ಭಯವನ್ನು ಮರೆಸುವ ಉಪಾಯವೂ ಆಗಿರಬಹುದು. ಕೊನೆಯ ಮೂರು ನಾಲ್ಕು ತಿಂಗಳಲ್ಲಿ ಕೂದಲಿನಲ್ಲಿ ಕಾಣುವ ಇನ್ನೊಂದು ಮಾರ್ಪಾಟನ್ನು ನೋಡಿ, ಆ ಕಾಲದಲ್ಲಿ ಅವಳು ಬೆಟ್ಟದ ಕಡೆಗೆ ಪ್ರಯಾಣ ಹೊರಟಿರಬೇಕೆಂದು ವಿದ್ವಾಂಸರು ತರ್ಕಿಸಿರುವರು. ಬೇರೊಂದು ಪರೀಕ್ಷೆಯಲ್ಲಿ, ೨೦೧೨ರಲ್ಲಿ, ಅವಳಿಗೆ ಶ್ವಾಸಕೋಶದ ಬೇನೆಯಿತ್ತೆಂದು ತಿಳಿಯಿತು. ಎದೆಯ ಬೇನೆಯನ್ನಿಟ್ಟುಕೊಂಡೇ ಆ ಹುಡುಗಿಯು ಆ ತೆಳುಗಾಳಿಯಲ್ಲಿ ಬೆಟ್ಟವನ್ನು ಏರಿದಳು.

ಕೆಳಗೆ ತಂದುದು ಸರಿಯೇ?

ಮೂವರನ್ನೂ ಸಾಲ್ಟಾ ಪಟ್ಟಣಕ್ಕೆ ತಂದರು. ೨೦೦೪ರಲ್ಲಿ ಅಲ್ಲಿಯ ಮುಖ್ಯ ಚೌಕದಲ್ಲಿ ಇದಕ್ಕಾಗಿಯೇ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಸೊನ್ನೆಗಿಂತ ೨೦ ಡಿಗ್ರಿ ಕೆಳಗಿನ ಶೀತದಲ್ಲಿ, ಪ್ರಾಣವಾಯುವನ್ನು ಕಡಿಮೆ ಮಾಡಿದ ಗಾಜಿನ ಗೂಡುಗಳಲ್ಲಿ ಅವರನ್ನು ಇರಿಸಿದರು. ೨೦೦೭ರಲ್ಲಿ ಮೊದಲ ಬಾರಿಗೆ ಸಾರ್ವಜನಿಕರಿಗೆ ತೋರಿಸಿದರು. ಒಂದು ಸಲಕ್ಕೆ ಒಬ್ಬರನ್ನು ಮಾತ್ರ ತೋರಿಸುವ ಕ್ರಮವನ್ನಿಟ್ಟುಕೊಂಡರು. ಬೆಟ್ಟವು ತಾನಾಗಿ ಮಾಡುತ್ತಿದ್ದ ಕೆಲಸವನ್ನು ಯಂತ್ರಗಳು ಹಗಲೂ ರಾತ್ರಿಯೂ ಮಾಡಬೇಕಾಯಿತು.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ತಂದುದು ಸರಿಯೆನ್ನುವವರು ಹೇಳುವುದನ್ನು ನಾವು ತಳ್ಳಿಹಾಕಲಾರೆವು. ಅದೇ ಸಾಲ್ಟಾ ಪ್ರಾಂತದ ಕೆವಾರ್ ಎಂಬ ಬೆಟ್ಟದ ಮೇಲಿದ್ದ ಇಂತಹುದೇ ಒಂದು ಮಗುವಿನ ದೇಹವನ್ನು ನಿಧಿಗಳ್ಳರು ಸಿಡಿಮದ್ದಿಟ್ಟು ಛಿದ್ರಮಾಡಿದ್ದರು. ಯುಯಾಯ್ಯಾಕೊದಲ್ಲಿಯೂ ಸಿಡಿಲು ಒಬ್ಬಳನ್ನು ಆಗಲೇ ತಾಕಿತ್ತು. ಅಲ್ಲಿಯೇ ಬಿಟ್ಟಿದ್ದರೆ ಮುಂದೆ ಏನಾಗುತ್ತಿತ್ತೋ ಯಾರು ಬಲ್ಲರು? ಬರವಣಿಗೆಯನ್ನು ಬಿಟ್ಟುಹೋಗದ ಇಂಕರ ವಿಚಾರವಾಗಿ ಈ ಮಕ್ಕಳಿಂದ ತಿಳಿದಷ್ಟು ಬೇರೆ ಕೆಲವೇ ಮೂಲಗಳಿಂದ ತಿಳಿದಿದೆ.

ಇನ್ನೊಂದು ಪಕ್ಷದವರು ಆ ನೆಲದ ಮೂಲನಿವಾಸಿಗಳಲ್ಲಿ ಹಲವರು. ಅವರು ಬೆಟ್ಟಗಳನ್ನು ಇಂದಿಗೂ ಪೂಜ್ಯವೆಂದು ತಿಳಿದವರು. ಆ ಮಕ್ಕಳು ತಮ್ಮ ಹಿರಿಯರೆಂದೂ, ಮಲಗಿದ್ದವರನ್ನು ಎಬ್ಬಿಸಿ ಗಾಜಿನೊಳಗಿಟ್ಟು ತೋರಿಸುವುದು ಅಪಚಾರವೆಂದೂ ಅವರ ವಾದ. ನಮ್ಮ ಮನೆಗಳ ಹಿರಿಯರ ಸಮಾಧಿಯನ್ನು ಯಾರಾದರೂ ಅಗೆದು, ಟಿಕೀಟು ಮಾರಿ ತೋರಿಸಿದರೆ ನಮಗೆ ಹೇಗಾದೀತು? ಈ ಪ್ರಶ್ನೆಯನ್ನು ಕೇಳಿಕೊಂಡವರಿಗೆ ಅವರ ನೋವು ತಾನಾಗಿ ತಿಳಿಯುವುದು.

ಯುಯಾಯ್ಯಾಕೊದ ಇಂಕ ಅವಶೇಷಗಳು, ಆರು ದೇಶಗಳ ಮೂಲಕ ಹಾಯುವ ಇಂಕರ ರಾಜಮಾರ್ಗದ ಅಂಗವಾಗಿ, ೨೦೧೪ರಲ್ಲಿ ಪ್ರಪಂಚದ ಪಾರಂಪರಿಕ ಸ್ಥಳಗಳ ಪಟ್ಟಿಗೆ ಸೇರಿದುವು. ಬೆಟ್ಟಕ್ಕೆ ಗೌರವವು ದೊರೆಯಿತು. ಅದರ ಮಡಿಲು ಮಾತ್ರ ಬರಿದಾಯಿತು.

ನಮಗೆ ತೋರುವುದು ಇಷ್ಟು. ಒಮ್ಮೆ ಕೆಳಗೆ ತಂದ ಮಕ್ಕಳನ್ನು ಮರಳಿ ಮೇಲಕ್ಕೆ ಸೇರಿಸುವುದು ಸುಲಭವಲ್ಲ. ಸೇರಿಸಿದರೂ ಹಿಂದಿನ ನೆಮ್ಮದಿಯು ಅಲ್ಲಿ ಉಳಿಯುವುದೆಂಬ ಭರವಸೆಯಿಲ್ಲ. ಆದರೆ ಇನ್ನುಳಿದ ಶಿಖರಗಳಲ್ಲಿ ಯಾರಾದರೂ ಹೀಗೆಯೇ ಮಲಗಿದ್ದರೆ, ಅವರ ವಿಷಯವನ್ನು ನಿರ್ಣಯಿಸುವಾಗ ಆ ಬೆಟ್ಟದ ಬುಡದಲ್ಲಿ ಬಾಳುವ ಜನರ ಮಾತನ್ನು ಮೊದಲು ಕೇಳತಕ್ಕದ್ದು. ವಿದ್ಯೆಯು ದೊಡ್ಡದು, ಆದರೆ ಮಗುವೊಂದರ ಮುಂದೆ ನಿಂತಾಗ ವಿದ್ಯೆಗೂ ಮರ್ಯಾದೆ ಬೇಕು.

ಇನ್ನು ಇಂಕರನ್ನು ಕ್ರೂರಿಗಳೆಂದು ಹಳಿದು ಕೈತೊಳೆದುಕೊಳ್ಳುವುದೂ ನಮಗೆ ಸಮಾಧಾನವನ್ನು ಕೊಡಲಾರದು. ಅವರ ಕೆಲಸವನ್ನು ನಾವು ಒಪ್ಪುವಂತಿಲ್ಲ. ಆದರೆ ಆ ಪಾದರಕ್ಷೆಗಳನ್ನು ಕಟ್ಟಿಕೊಟ್ಟ ಕೈ, ಆ ನೂರು ಜಡೆಗಳನ್ನು ತಾಳ್ಮೆಯಿಂದ ಹೆಣೆದ ಬೆ್ರಳುಗಳು, ಅವೂ ಮಕ್ಕಳ ಮೇಲೆ ಅಕ್ಕರೆಯಿದ್ದವರವೇ ಆಗಿದ್ದಿರಬೇಕು. ಬರಗಾಲಕ್ಕೆ ಹೆದರಿದ ಜನರು, ಮಳೆಯನ್ನು ಕೊಡದ ಬೆಟ್ಟದ ಮುಂದೆ ತಮಗೆ ಅತ್ಯಂತ ಪ್ರಿಯವಾದುದನ್ನು ಒಪ್ಪಿಸಿದರು. ಬೆಟ್ಟವು ಅವರಿಗೆ ನೀರನ್ನು ಕೊಟ್ಟಿತೋ ಇಲ್ಲವೋ, ಒಪ್ಪಿಸಿದ ಮಕ್ಕಳನ್ನು ಮಾತ್ರ ಒಂದು ಕೂದಲೂ ಕೊಂಕದಂತೆ ಇಟ್ಟುಕೊಂಡಿತ್ತು. ನೀರಿನ ವಿಷಯದಲ್ಲಿ ಸುಳ್ಳುಗಾರನೆಂದು ಹೆಸರು ಹೊತ್ತ ಯುಯಾಯ್ಯಾಕೊ, ಕಾವಲಿನ ವಿಷಯದಲ್ಲಿ ಎಂದೂ ಸುಳ್ಳಾಡಲಿಲ್ಲ.